ರಿಪೋರ್ಟಿನ ಹಿಂಬದಿ

ನರಸಿಂಹರಾಜಪುರ
9 ಜನವರಿ 2006

ತಂಗಿ ಪ್ರೇಮಳಿಗೆ ಅಣ್ಣನ ಆಶೀರ್ವಾದ.

ಶನಿವಾರ ನಾನೇ ಕೊಪ್ಪಕ್ಕೆ ಹೋಗಿ ನಿನ್ನ ರಕ್ತದ ರಿಪೋರ್ಟು ತಂದೆ. ಮನೆಗೆ ಬಂದು ಕೈಕಾಲು ತೊಳೆದು ಲಕೋಟೆ ಒಡೆಯಬೇಕು ಅಂತಿದ್ದೆ, ಬಸ್ಸು ಹೊರಡುವ ಮೊದಲೇ ಒಡೆದುಬಿಟ್ಟೆ. ತಾಳ್ಮೆ ಎನ್ನುವುದು ನಮ್ಮ ಅಪ್ಪನಿಗೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದವನು ಬಗ್ಗಿ ನೋಡಿ "ಸಕ್ಕರೆಯಾ?" ಅಂದ. "ಅಲ್ಲ ಮಾರಾಯ, ಥೈರಾಯ್ಡು. ನನ್ನದಲ್ಲ, ತಂಗಿಯದು" ಅಂದೆ. ಅಷ್ಟೇ ಸಾಕಾಯಿತು ಅವನಿಗೆ, ತನ್ನ ಸಕ್ಕರೆಯ ಕಥೆ ತೆಗೆದ. ಪುರ ಬಂದರೂ ಅವನ ಹೆಂಡತಿ ಅವನಿಗೆ ಹಲಸಿನ ಹಣ್ಣು ಬಚ್ಚಿಟ್ಟ ಪ್ರಸಂಗ ಮುಗಿದಿರಲಿಲ್ಲ.

ಎಲ್ಲಿದ್ದೆ? ಹಾಂ. ಟಿ.ಎಸ್.ಎಚ್. ಎಂಬ ಥೈರಾಯ್ಡಿನ ಅಂಕಿ 4.8 ಬಂದಿದೆ. ಪಕ್ಕದಲ್ಲಿ 0.5ರಿಂದ 5.5ರ ಒಳಗಿದ್ದರೆ ಸರಿ ಎಂದು ಅಚ್ಚು ಹಾಕಿದ್ದಾರೆ. ಕೆಳಗೆ ಡಾಕ್ಟರು "ನಾರ್ಮಲ್, ಅದೇ ಮಾತ್ರೆ ಮುಂದುವರಿಸಲಿ" ಎಂದು ಬರೆದಿದ್ದಾರೆ. ಆರು ವರ್ಷದಿಂದ ಮಾತ್ರೆ ತಿನ್ನುತ್ತಿದ್ದೀಯ, ಅದು ತನ್ನ ಕೆಲಸ ಮಾಡುತ್ತಿದೆ. ಇನ್ನು ನೀನು ಆಯಾಸ, ಚಳಿ, ಮೈಭಾರ ಎನ್ನುವುದನ್ನು ಬಿಡಬೇಕು.

ನಾನು ಬಿ.ಎ. ಮುಗಿಸಲಿಲ್ಲ, ಹೌದು. ಆದರೆ ಶಿವಮೊಗ್ಗದಲ್ಲಿ ಎರಡು ವರ್ಷ ಲಾಜಿಕ್ ಕಲಿತದ್ದು ಸುಳ್ಳಲ್ಲ. ಮೇಜರ್ ಪ್ರಿಮೈಸ್: ಕಾಯಿಲೆ ಇದ್ದವರ ರಿಪೋರ್ಟು ನಾರ್ಮಲ್ ಇರುವುದಿಲ್ಲ. ಮೈನರ್ ಪ್ರಿಮೈಸ್: ಪ್ರೇಮಳ ರಿಪೋರ್ಟು ನಾರ್ಮಲ್. ದೇರ್‌ಫೋರ್, ಪ್ರೇಮಳಿಗೆ ಕಾಯಿಲೆ ಇಲ್ಲ. ನಮ್ಮ ಮೇಷ್ಟ್ರು ಬದುಕಿದ್ದರೂ ಇದನ್ನು ಅಲ್ಲಾಡಿಸಲು ಆಗುತ್ತಿರಲಿಲ್ಲ.

ಸೊಸೆ ನಿಶ್ಚಿತಾ ಇದನ್ನು ಕೇಳಿ, "ಮಾವ, ಮೊನ್ನೆ ನಿಮ್ಮ ಮಂಡಿಯ ಎಕ್ಸ್‌ರೇನೂ ನಾರ್ಮಲ್ ಇತ್ತು. ಮತ್ತೆ ಮೆಟ್ಟಿಲು ಇಳಿಯುವಾಗ ಯಾಕೆ ಶಿವ ಶಿವ ಅಂತೀರಿ?" ಅಂತಾಳೆ. ಅವಳಿಗೆ ಬಾಯಿ ಜಾಸ್ತಿ. ಮಗ ಅಂಗಡಿ ನೋಡಿಕೊಳ್ಳುತ್ತಿದ್ದಾನೆ. ನನಗೆ ಈಗ ಕಾಗದ ಬರೆಯುವುದೇ ಕೆಲಸ.

ನಿನ್ನ ಅಣ್ಣ,
ರೇಣುಕಪ್ಪ


ಅಡ್ಡಗದ್ದೆ
17 ಜನವರಿ 2006

ಅಣ್ಣನಿಗೆ ಪ್ರೇಮಳ ನಮಸ್ಕಾರ.

ಕಾಗದ ಸಿಕ್ಕಿತು. ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ. ಫೋನು ಇರುವುದು ಇವರ ಅಂಗಡಿಯ ಮೇಜಿನ ಮೇಲೆ. ಅಲ್ಲಿ ಬೀಡಿ ಕೊಳ್ಳಲು ಬಂದವರೂ ನನ್ನ ಮೈಯ ಸಮಾಚಾರ ಕೇಳಿಕೊಂಡು ಹೋಗುತ್ತಾರೆ.

ರಿಪೋರ್ಟು ಸರಿ ಇದೆ ಎಂದು ಓದಿ ಸಂತೋಷಪಡಬೇಕಿತ್ತು, ಅಳು ಬಂತು. ಬೆಳಗ್ಗೆ ಎದ್ದರೆ ಬೆರಳು ಮಡಿಸಲು ಆಗುವುದಿಲ್ಲ, ರೊಟ್ಟಿ ತಟ್ಟುವ ಮೊದಲು ಕೈಯನ್ನು ಒಲೆಗೆ ಹಿಡಿದು ಕಾಯಿಸಬೇಕು. ಬಾಚಣಿಗೆಯಲ್ಲಿ ಬರುವ ಕೂದಲನ್ನು ಇವರಿಗೆ ಕಾಣದಂತೆ ಸುತ್ತಿ ಎಸೆಯುತ್ತೇನೆ. ಅಂಗನವಾಡಿಗೆ ಏಳು ಮೆಟ್ಟಿಲು. ನಾಲ್ಕನೆಯದರ ಮೇಲೆ ಕೂತು ಉಸಿರು ತೆಗೆದುಕೊಂಡು ಆಮೇಲೆ ಉಳಿದ ಮೂರು. ಸಹಾಯಕಿ ಶಾಂತಕ್ಕ ನೋಡಿಯೂ ನೋಡದ ಹಾಗೆ ಇರುತ್ತಾಳೆ. ದಿನವೂ ಹಾಜರಿ ಕರೆಯುವ ಮಕ್ಕಳ ಹೆಸರು ನಾಲಿಗೆಗೆ ಬರುವುದಿಲ್ಲ. ಸ್ವರ ಗೊಗ್ಗರಾಗಿದೆ, ನಾನು ಹಾಡಿದರೆ ಮಕ್ಕಳು ಕಪ್ಪೆ ಕಪ್ಪೆ ಅಂತ ನಗುತ್ತವೆ. ಸಂಕ್ರಾಂತಿಯ ಚಳಿ ಎಲ್ಲರಿಗೂ ಇದೆ. ಆದರೆ ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಸ್ವೆಟರು ಹಾಕಿ ಕೂರುವವಳು ನಾನೊಬ್ಬಳೇ.

ಇವರು ಕೆಟ್ಟವರಲ್ಲ. "ರಿಪೋರ್ಟು ಸರಿ ಇದ್ದಮೇಲೆ ಮತ್ತೆ ಎಂಥಕ್ಕೆ ಡಾಕ್ಟರು?" ಅಂತಾರೆ, ಅಷ್ಟೆ. ನೀನು ಒಂದು ಮಾತು ಬರೆದರೆ ಕೇಳುತ್ತಾರೆ. ಇನ್ನೊಂದು ಸಲ ಕೊಪ್ಪಕ್ಕೆ ಕರೆದುಕೊಂಡು ಹೋಗಿ ಅಂತ ಬರೆ. ನೀನೂ ಬಾ. ಡಾಕ್ಟರ ಎದುರು ಕೂತರೆ ನನಗೆ ಮಾತೇ ಹೊರಡುವುದಿಲ್ಲ.

ಅತ್ತಿಗೆ ಇದ್ದಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಬಸ್ಸಿನಿಂದ ಇಳಿದ ಕೂಡಲೇ ಮುಖ ನೋಡಿ "ಈ ಸಲ ಸರಿಯಿಲ್ಲ ಕಣೇ" ಅನ್ನುತ್ತಿದ್ದರು.

ಕೆಲಸದಲ್ಲಿ ತೊಂದರೆ ಇಲ್ಲ.

ಪ್ರೇಮ


ನರಸಿಂಹರಾಜಪುರ
24 ಜನವರಿ 2006

ಪ್ರೇಮಳಿಗೆ ಆಶೀರ್ವಾದ.

ನಿನ್ನ ಕಾಗದಕ್ಕೆ ಬಂದ ದಿನವೇ ಉತ್ತರ ಬರೆಯಲಾಗಲಿಲ್ಲ. ನಿನ್ನ ಅತ್ತಿಗೆ ಸುಲೋಚನಳ ಮಾತು ಎತ್ತಿದೆಯಲ್ಲ, ಅದಕ್ಕೆ. ಅವಳು ಹೋಗಿ ಬರುವ ತಿಂಗಳಿಗೆ ನಾಲ್ಕು ವರ್ಷ. ಅವಳು ನಿನ್ನನ್ನು ಮುದ್ದು ಮಾಡಿ ಕೆಡಿಸಿದಳು. ನಿನಗೆ ತಲೆನೋವೆಂದರೆ ಕೊಪ್ಪ, ಹೊಟ್ಟೆನೋವೆಂದರೆ ಕೊಪ್ಪ. ನಾನು ಹಾಗಲ್ಲ. ಐ ಆಮ್ ಎ ಪ್ರಾಕ್ಟಿಕಲ್ ಮ್ಯಾನ್.

ನೀನು ಬರೆದದ್ದೆಲ್ಲ ನಲವತ್ತು ದಾಟಿದವರಿಗೆ ಇದ್ದದ್ದೇ. ಕೂದಲು ನನಗೂ ಉದುರಿದೆ, ನಾನು ಯಾರ ಹತ್ತಿರ ಹೇಳಿಕೊಂಡೆ? ಬೆಳಗ್ಗೆ ಮೆಣಸೆ ಊರಿನ ಕಡೆ ಒಂದು ಮೈಲಿ ನಡೆದು ಬಾ. ಮೈಂಡ್ ಎನ್ನುವುದು ಕುದುರೆ, ಬಾಡಿ ಎನ್ನುವುದು ಗಾಡಿ. ಅಥವಾ ಅದು ತಿರುಗಾಮುರುಗಾ ಇತ್ತೋ, ಮರೆತಿದೆ. ಒಟ್ಟಿನಲ್ಲಿ ಒಂದನ್ನು ಹೊಡೆದರೆ ಇನ್ನೊಂದು ಬರುತ್ತದೆ.

ನೀನು ಹೇಳಿದಂತೆ ನಿನ್ನ ಯಜಮಾನರಾದ ಕಾಂತೇಶ್‌ಗೆ ಬರೆದಿದ್ದೇನೆ. ಏನು ಬರೆದೆ ಎನ್ನುವುದು ಗಂಡಸರ ವಿಷಯ, ನೀನು ತಲೆಕೆಡಿಸಿಕೊಳ್ಳಬೇಡ. ಎಲ್ಲ ಸರಿಯಾಗುತ್ತದೆ.

ನಿಶ್ಚಿತಾ ಹುರಿಟ್ಟು ಮಾಡಿದ್ದಾಳೆ. ಬಸ್ಸಿನಲ್ಲಿ ಕಳಿಸುತ್ತೇನೆ.

ರೇಣುಕಪ್ಪ


ಅಡ್ಡಗದ್ದೆ
11 ಫೆಬ್ರವರಿ 2006

ಅಣ್ಣನಿಗೆ,

ಹುರಿಟ್ಟು ತಲುಪಿತು.

ನೀನು ಇವರಿಗೆ ಎಂಥ ಬರೆದೆ? ಕಾಗದ ಬಂದ ದಿನದಿಂದ ಕೊಪ್ಪದ ಮಾತು ಎತ್ತಿದರೆ "ನಿಮ್ಮಣ್ಣ ಎಲ್ಲ ಬರೆದಿದ್ದಾರೆ" ಅಂತ ಎದ್ದು ಹೋಗುತ್ತಾರೆ.

ನಿನ್ನೆ ಇಲಾಖೆಯಿಂದ ನೋಟಿಸು ಬಂದಿದೆ. ಕರ್ತವ್ಯದ ವೇಳೆಯಲ್ಲಿ ನಿದ್ರಿಸಿದ ಬಗ್ಗೆ ದೂರು. ಮಾರ್ಚ್ ಆರು, ಸೋಮವಾರ, ಕೊಪ್ಪದ ಕಚೇರಿಯಲ್ಲಿ ವಿಚಾರಣೆ. ಆರೋಗ್ಯದ ಕಾರಣವಿದ್ದರೆ ವೈದ್ಯರ ಪತ್ರ ತರಬೇಕಂತೆ, ಇಲ್ಲದಿದ್ದರೆ ಕೆಲಸದಿಂದ ತೆಗೆಯುತ್ತಾರೆ. ಏಳು ವರ್ಷ ಆಯಿತು ಅಣ್ಣ. ಆ ಕೋಣೆಯಲ್ಲಿ ಮಾತ್ರ ನಾನು ಯಾರದೋ ಹೆಂಡತಿ, ಯಾರದೋ ತಂಗಿ ಅಲ್ಲ, ಟೀಚರು.

ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಡು. ಬೇಗ.

ಪ್ರೇಮ


ನರಸಿಂಹರಾಜಪುರ
16 ಫೆಬ್ರವರಿ 2006

ಪ್ರೇಮ,

ಎರಡು ಸಲ ಕೊಪ್ಪಕ್ಕೆ ಹೋದೆ. ಮೊದಲ ದಿನ ಡಾಕ್ಟರು ಇರಲಿಲ್ಲ. ಎರಡನೆಯ ದಿನ ಮೂರು ಗಂಟೆ ಕಾಯಿಸಿ, ರಿಪೋರ್ಟು ತಿರುಗಿಸಿ ನೋಡಿ, "ನಾರ್ಮಲ್ ಅಂತ ನಾನೇ ಬರೆದಿದ್ದೇನೆ. ಅದನ್ನು ಹಿಡಿದುಕೊಂಡು ಕಾಯಿಲೆ ಅಂತ ಹೇಗೆ ಬರೆಯಲಿ? ಅವರನ್ನೇ ಕರೆತನ್ನಿ, ನೋಡೋಣ" ಅಂದರು. ಅವರದೂ ತಪ್ಪಲ್ಲ. ಕಾಂತೇಶ್ ಒಪ್ಪದೆ ನಾನು ಹೇಗೆ ಕರೆದುಕೊಂಡು ಹೋಗಲಿ? ಕೊಟ್ಟ ಹೆಣ್ಣು ನೀನು.

ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡ. ಕೂತಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿದ್ದಕ್ಕೆ ಯಾರೂ ನೋಟಿಸು ಕೊಡುವುದಿಲ್ಲ. ನೀನು ಏನೋ ಮುಚ್ಚಿಡುತ್ತಿದ್ದೀಯ. ಸಣ್ಣವಳಿದ್ದಾಗಲೂ ಹಾಗೇ, ಬೆಲ್ಲದ ಡಬ್ಬಿ ಖಾಲಿಯಾದಾಗ ಇರುವೆ ತಿಂದಿತು ಅಂದವಳು. ಅಪ್ಪ ಇರುವೆಯ ಲೆಕ್ಕ ಹಾಕುತ್ತಾ ಕೂತಿದ್ದರು!

ವಿಚಾರಣೆಯಲ್ಲಿ ತಪ್ಪಾಯಿತು ಎಂದು ಹೇಳಿ ಕೈಮುಗಿದುಬಿಡು. ಅಪಾಲಜಿ ಇಸ್ ದಿ ಬೆಸ್ಟ್ ಪಾಲಿಸಿ. ಕಾಯಿಲೆ ಗೀಯಿಲೆ ಎತ್ತಬೇಡ, ಸುಳ್ಳುಗಾರ್ತಿ ಆಗುತ್ತೀಯ.

ರೇಣುಕಪ್ಪ


ಅಡ್ಡಗದ್ದೆ
25 ಫೆಬ್ರವರಿ 2006

ರೇಣುಕಪ್ಪನವರಿಗೆ,

ಗುರುವಾರ ಮೇಲ್ವಿಚಾರಕಿ ಬಂದು ಫೈಲು ತೋರಿಸಿದರು. ನನ್ನ ಮೇಲಿನ ದೂರಿನ ಕೆಳಗೆ ಇನ್ನೊಂದು ಕಾಗದ ಹೊಲಿದಿತ್ತು. ನಿಮ್ಮ ಅಕ್ಷರ. ದೂರದಿಂದಲೇ ಗೊತ್ತಾಯಿತು. ಓದಲು ಬಿಟ್ಟರು, ಓದಿದೆ. 'ತಂಗಿಗೆ ದೇಹದಲ್ಲಿ ಏನೂ ಇಲ್ಲ, ರಿಪೋರ್ಟು ನಾನೇ ನೋಡಿದ್ದೇನೆ. ಚಿಕ್ಕಂದಿನಿಂದ ಸ್ವಲ್ಪ ಮೈಗಳ್ಳಿ. ಸಲಿಗೆ ಕೊಟ್ಟರೆ ಹಾಸಿಗೆ ಹಿಡಿಯುತ್ತಾಳೆ. ನೀವು ಗಟ್ಟಿಯಾಗಿರಿ.'

ಅದನ್ನು ಕೊಟ್ಟದ್ದು ಇವರೇ. ಯಾಕೆ ಕೊಟ್ಟರು ಎಂದು ನಾನು ಕೇಳಿಲ್ಲ. ಕೇಳುವ ಶಕ್ತಿ ಇಲ್ಲ.

ಮುಚ್ಚಿಡುತ್ತೇನೆ ಎಂದಿರಿ. ಹೌದು. ಈಗ ಬರೆಯುತ್ತೇನೆ, ಓದಿ.

ಫೆಬ್ರವರಿ ಎರಡು. ಶಾಂತಕ್ಕ ನೆಂಟರ ಮದುವೆಗೆ ಹೋಗಿದ್ದಳು. ಹದಿನಾಲ್ಕು ಮಕ್ಕಳು. ಹಾಡು ಹೇಳಿಸುತ್ತಾ ಗೋಡೆಗೆ ಒರಗಿದ್ದು ನೆನಪಿದೆ. ಮತ್ತೆ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಭೈರಮ್ಮ ನಿಂತಿದ್ದಳು. ಎಸ್ಟೇಟಿನ ಕೂಲಿಗೆ ಹೋಗುವ ಭೈರಮ್ಮ. ಮೊಮ್ಮಗಳು ಭಾಗ್ಯ ಅವಳ ಸೊಂಟದ ಮೇಲಿತ್ತು. ಮೂರು ವರ್ಷದ ಕೂಸು. ಮೊಣಕಾಲಿನವರೆಗೆ ಒದ್ದೆ. ಅಗುಳಿ ನಾನು ಹಾಕಿರಲಿಲ್ಲ. ಕೂಸು ಹಳ್ಳಕ್ಕೆ ಇಳಿದಿತ್ತು. ಭೈರಮ್ಮ ಬೈಯಲಿಲ್ಲ. "ಅಮ್ಮಾ, ನೀವಿದ್ದೀರಿ ಅಂತ ಬಿಟ್ಟು ಹೋಗಿದ್ದೆ" ಅಂದಳು. ಅಷ್ಟೇ ಅಂದಳು. 

ಇನ್ನೊಂದು. ಇದು ಇವರಿಗೂ ಗೊತ್ತಿಲ್ಲ. ಸಂಕ್ರಾಂತಿಯ ಮಾರನೆಯ ದಿನ ಬೆಳಗ್ಗೆ ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತೆ. ವಿಭೂತಿ ಹಚ್ಚಿದ್ದು ಗೊತ್ತು, ಪತ್ರೆ ಏರಿಸಿದ್ದು ಗೊತ್ತಿಲ್ಲ. ಎಚ್ಚರಾದಾಗ ಅಂಗೈ ಖಾಲಿ. ಲಿಂಗ ಜಾರಿ ಮಡಿಲ ಸೆರಗಿನಲ್ಲಿ ಬಿದ್ದಿತ್ತು. ಇನ್ನು ನಾಲ್ಕು ಬೆರಳು ಆಚೆ ಬಿದ್ದಿದ್ದರೆ ನೆಲ. ಎಂಟನೇ ವರ್ಷದಲ್ಲಿ ಅಯ್ಯನೋರು ಲಿಂಗ ಕಟ್ಟಿದ ದಿನ ನೀವು ನನ್ನ ಕೈಯ ಕೆಳಗೆ ನಿಮ್ಮ ಕೈ ಹಿಡಿದುಕೊಂಡಿದ್ದಿರಿ, ಬಿದ್ದೀತು ಅಂತ. ಮೈಗಳ್ಳಿ ಅಲ್ಲಿಯೂ ಮೈಗಳ್ಳತನ ಮಾಡುತ್ತಾಳೆಯೇ? ನಿಮ್ಮ ಲಾಜಿಕ್ಕಿನಲ್ಲಿ ಇದಕ್ಕೆ ಏನೆನ್ನುತ್ತಾರೆ?

ಈಗ ನನ್ನ ಓದು ಕೇಳಿ. ಎಸ್ಸೆಸ್ಸೆಲ್ಸಿ ಅಷ್ಟೇ ಆದರೂ ಒಂದು ವಿದ್ಯೆ ನನಗೆ ಗೊತ್ತು. ಪ್ರತಿ ತಿಂಗಳೂ ಪ್ರತಿ ಮಗುವನ್ನು ತೂಗಿ, ಬೆಳವಣಿಗೆಯ ಕಾರ್ಡಿನಲ್ಲಿ ಒಂದು ಚುಕ್ಕೆ ಇಡುತ್ತೇವೆ. ಕಾರ್ಡಿನಲ್ಲಿ ಸಾಮಾನ್ಯ ಎಂಬ ಪಟ್ಟಿ ಇದೆ. ಹೊಸದಾಗಿ ಕೆಲಸಕ್ಕೆ ಬಂದವರು ಚುಕ್ಕೆ ಪಟ್ಟಿಯ ಒಳಗಿದೆಯೋ ಇಲ್ಲವೋ ಅಷ್ಟೇ ನೋಡುತ್ತಾರೆ. ಅದಲ್ಲ ನೋಡಬೇಕಾದ್ದು. ಹಿಂದಿನ ಚುಕ್ಕೆಯಿಂದ ಗೆರೆ ಎತ್ತ ಹೋಗುತ್ತಿದೆ ಅಂತ ನೋಡಬೇಕು. ಇದೇ ಭಾಗ್ಯಳ ಚುಕ್ಕೆ ಹೋದ ವರ್ಷ ಪಟ್ಟಿಯ ಒಳಗೇ ಇತ್ತು. ಆದರೆ ನಾಲ್ಕು ತಿಂಗಳು ಗೆರೆ ಇಳಿಯುತ್ತಾ ಬಂತು. ನಾನು ಹಟ ಮಾಡಿ ಆಸ್ಪತ್ರೆಗೆ ಕಳಿಸಿದೆ. ಹೊಟ್ಟೆಯ ತುಂಬ ಜಂತು.

ನನ್ನ ಎಷ್ಟು ಚುಕ್ಕೆ ನೋಡಿ ನೀವು ತೀರ್ಪು ಕೊಟ್ಟಿರಿ? ಒಂದು. ಉಳಿದವು ಎಲ್ಲಿವೆ?

ಖಾಲಿ ಕಾರ್ಡು ಒಂದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಉಪಯೋಗವಾಗದಿದ್ದರೆ ಎಸೆಯಿರಿ. ಆರನೇ ತಾರೀಕು ನೀವು ಬರುವುದು ಬೇಡ.

ಪ್ರೇಮ


ನರಸಿಂಹರಾಜಪುರ
1 ಮಾರ್ಚ್ 2006

ಪ್ರೇಮ,

ನೀವು ಅಂತ ಬರೆದಿದ್ದೀಯ. ಬರೆ. ಅದಕ್ಕೆ ನಾನು ಯೋಗ್ಯ.

ಕಾಗದ ಓದಿ ಕೂತಲ್ಲೇ ಕೂತೆ. ನಿಶ್ಚಿತಾ ಬಂದು "ಯಾರಿಗೇನಾಯ್ತು ಮಾವ?" ಅಂದಳು. ಕೊಟ್ಟೆ. ಓದಿದಳು. ಒಳಗೆ ಹೋಗಿ ಸುಲೋಚನಳ ಪೆಟ್ಟಿಗೆಯಿಂದ ಬಿಸ್ಕತ್ತಿನ ಡಬ್ಬಿ ತಂದಿಟ್ಟಳು. "ಅತ್ತೆ ಇದರಲ್ಲಿ ಇಡ್ತಿದ್ರು. ಹಿಂದೆ ಏನೋ ಬರೀತಿದ್ರು" ಅಂದಳು. ನಾಲ್ಕು ವರ್ಷ ಆ ಪೆಟ್ಟಿಗೆಯನ್ನು ನಾನು ತೆಗೆದಿರಲಿಲ್ಲ. ತೆಗೆದರೆ ಸೀರೆಯ ವಾಸನೆ ಹೊರಟುಹೋಗುತ್ತದೆ ಎಂದು ಭಯ. ಅದಿರಲಿ.

ನಿನ್ನ ಹಳೆಯ ರಿಪೋರ್ಟುಗಳು ಅದರಲ್ಲಿವೆ. ಮುಂದೆ ಲ್ಯಾಬಿನವರ ಅಂಕಿ. ಹಿಂದೆ ಅವಳ ಅಕ್ಷರ.

ನವೆಂಬರ್ 1999. ಅಂಕಿ 18. ಹಿಂದೆ: 'ಪ್ರೇಮಳ ಮುಖ ಊದಿದೆ. ಮಾತು ನಿಧಾನ. ಈ ಅಂಕಿ ಏರಿದಷ್ಟೂ ಗಂಟಲಿನ ಗ್ರಂಥಿ ಸೋಲುತ್ತಿದೆ ಎಂದರ್ಥ ಅಂತ ಡಾಕ್ಟರು ಹೇಳಿದರು.'

ಜುಲೈ 2000. 1.1. 'ಇವತ್ತು ನನಗಿಂತ ಮುಂದೆ ನಡೆದಳು. ಎರಡು ರೊಟ್ಟಿ ಹೆಚ್ಚು ತಿಂದಳು. ಬಸ್ಸಿನಲ್ಲಿ ಹಾಡು. ಇವಳೇ ನಮ್ಮ ಪ್ರೇಮ.'

ಸೆಪ್ಟೆಂಬರ್ 2001. 0.6. 'ಎದೆ ಡವಡವ ಅನ್ನುತ್ತದೆ ಅಂತಾಳೆ. ಮಾತ್ರೆ ಕಾಲು ಭಾಗ ಇಳಿಸಿದರು. ಇಳಿಸಿದ್ದು ಜಾಸ್ತಿಯಾಯಿತೋ ಎಂದು ಮುಂದಿನ ಸಲ ಮರೆಯದೆ ಕೇಳಬೇಕು.'

ಮುಂದಿನ ಸಲ ಅವಳಿಗೆ ಬರಲಿಲ್ಲ.

ಆಮೇಲಿನವು ಮೂರು, ನನ್ನ ಹತ್ತಿರ ಇದ್ದವು. 2003ರಲ್ಲಿ 2.9. 2004ರಲ್ಲಿ 3.7. ಈಗ 4.8. ಮೂರೂ ನಾರ್ಮಲ್. ಮೂರರ ಹಿಂಬದಿಯೂ ಖಾಲಿ. ಆ ಮೂರನ್ನೂ ತಂದವನು ನಾನು.

ನೀನು ಕಳಿಸಿದ ಕಾರ್ಡಿನಲ್ಲಿ ಕಿಲೋ ಇದ್ದ ಕಡೆ ನಿನ್ನ ಅಂಕಿ ಬರೆದು ಚುಕ್ಕೆ ಇಟ್ಟೆ. ಒಂದು ಚುಕ್ಕೆ ದಪ್ಪವಾಯಿತು. ಗೆರೆ ಎಳೆದೆ. ಮಕ್ಕಳ ಗೆರೆ ಹತ್ತಿದರೆ ಒಳ್ಳೆಯದು, ನಿನ್ನದು ಹತ್ತುತ್ತಾ ಬಂದದ್ದೇ ಕೆಡುಕು. ಪಟ್ಟಿಯ ಒಳಗೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ.

ಮೇಜರ್ ಪ್ರಿಮೈಸ್ ಸುಳ್ಳಾಗಿತ್ತು, ಪ್ರೇಮ. ಮೊದಲ ವಾಕ್ಯ ಸುಳ್ಳಾದರೆ ಮುಂದಿನ ಲಾಜಿಕ್ಕು ಎಷ್ಟು ಸರಿಯಿದ್ದರೂ ಸುಳ್ಳೇ ಎಂದು ಆ ಮೇಷ್ಟ್ರು ಹೇಳಿದ್ದರು. ಆ ದಿನ ನಾನು ಕ್ಲಾಸಿನಲ್ಲಿದ್ದೆನೋ ಇಲ್ಲವೋ.

ಕಚೇರಿಗೆ ಬರೆದದ್ದರ ನಕಲು ಇದರ ಜೊತೆಗಿದೆ. 'ಹಿಂದಿನ ಪತ್ರವನ್ನು ನಾನು ತಂಗಿಯನ್ನು ನೋಡದೆ, ಒಂದು ಕಾಗದವನ್ನು ಮಾತ್ರ ನೋಡಿ ಬರೆದೆ. ಅದನ್ನು ವಾಪಸು ಪಡೆಯುತ್ತೇನೆ. ಅವಳು ಮೈಗಳ್ಳಿಯಲ್ಲ.' ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ, ಬಿಟ್ಟೆ. ನೆಟ್ಟಗೆ ಗೊತ್ತಿರುವ ಭಾಷೆಯಲ್ಲೇ ಇರಲಿ.

ಆರು ರಿಪೋರ್ಟು, ಕಾರ್ಡು, ಎಲ್ಲವನ್ನೂ ಈ ಕಾಗದದ ಜೊತೆ ಶೃಂಗೇರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ಅಂಚೆ ನಂಬಿ ಕೂರುವ ಹೊತ್ತಲ್ಲ. ನಿನ್ನ ಹೆಸರು ಬರೆದು, ಅಡ್ಡಗದ್ದೆ ಅಂಗನವಾಡಿ ಟೀಚರ್ ಎಂದು ದೊಡ್ಡದಾಗಿ ಬರೆದಿದ್ದೇನೆ.

ಬರಬೇಡ ಅಂದಿದ್ದೀಯ. ಗೊತ್ತು.

ಅಣ್ಣ


ನರಸಿಂಹರಾಜಪುರ
7 ಮಾರ್ಚ್ 2006

ಪ್ರೇಮ,

ಬಂದಿದ್ದೆ. ನೀನು ನೋಡಿದೆ. ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದವನು ನಾನೇ.

ನೀನು ಒಳಗೆ ಹೋಗುವಾಗ ಕಂಕುಳಲ್ಲಿ ಕಾರ್ಡು ಇತ್ತು. ಸ್ವೆಟರಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದೆ. ಮುಖ... ಇಷ್ಟು ದಿನ ನಾನು ಎಲ್ಲಿ ನೋಡುತ್ತಿದ್ದೆನೋ. ಭೈರಮ್ಮ ಎಂಬವಳನ್ನು ನಿನ್ನ ಹಿಂದೆಯೇ ಕರೆದರು. ಬಾಗಿಲು ಹಾಕಿದರು. ನೀವು ಸಂಬಂಧಿಕರು, ಹೊರಗಿರಿ ಅಂದರು. ಒಳಗೆ ಒಂದು ಸಲ ಯಾರೋ ಜೋರಾಗಿ ಮಾತಾಡಿದ್ದು ಕೇಳಿತು. ಏನೆಂದು ಗೊತ್ತಾಗಲಿಲ್ಲ. ನೀನು ಹೊರಬಂದವಳು ನನ್ನ ಕಾಲಿನ ಹತ್ತಿರವೇ ದಾಟಿ ಬಸ್ಸು ಹತ್ತಿದೆ.

ನಿನ್ನ ಜೊತೆ ಬಂದಿದ್ದ ಕಾಂತೇಶ್ ಹಿಂದೆ ಉಳಿದು ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಕಾಫಿ ಮುಂದಿಟ್ಟುಕೊಂಡು ಕುಡಿಯಲಿಲ್ಲ. "ಭಾವ, ಮೇಲ್ವಿಚಾರಕಿ ಅಂಗಡಿಗೆ ಬಂದು, ನಿಮ್ಮ ಮನೆಯವರಿಗೆ ಕೆಲಸ ಮಾಡುವಷ್ಟು ಆರೋಗ್ಯ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದ್ರೆ ಕೆಲಸ ಕಿತ್ಕೊಳ್ತಾರೆ ಅಂತ ಹೆದರಿ ನಿಮ್ಮ ಕಾಗದ ತೆಗೆದು ಕೊಟ್ಟೆ. ತವರಿನ ಅಣ್ಣನೇ ಏನೂ ಇಲ್ಲ ಅಂತ ಬರೆದಿದ್ದಾರೆ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ ಅಂದೆ" ಅಂದರು. ನಿನ್ನನ್ನು ಉಳಿಸಲು ಕೊಟ್ಟ ಕಾಗದ ಅದು. ನಾವಿಬ್ಬರು ಗಂಡಸರು ಸೇರಿ ನಿನ್ನ ಮೈಯ ವಿಷಯ ಮಾತಾಡಿ ಮುಗಿಸಿದ್ದೆವು. ನಿನ್ನನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಒಳಗೆ ಏನಾಯಿತು? ಒಂದು ಸಾಲು ಬರೆ. ಕೆಲಸ ಹೋಯಿತೇ?

ಅಣ್ಣ


ನರಸಿಂಹರಾಜಪುರ
22 ಮಾರ್ಚ್ 2006

ಪ್ರೇಮ,

ಅಂಚೆಯವನನ್ನು ದಿನಾ ಕೇಳುತ್ತೇನೆ. ಈಗ ಅವನು ನಮ್ಮ ಬೀದಿಗೆ ಬರುವಾಗ ಆಚೆ ಬದಿಯಲ್ಲಿ ಹೋಗುತ್ತಾನೆ.

ಫೋನು ಮಾಡಿ ಆ ಮೇಜಿನ ಮೇಲೆ ನಿನ್ನ ವಿಷಯ ಮತ್ತೆ ಹರಡಲಾರೆ. ಕಾಯುತ್ತೇನೆ.

ಅಣ್ಣ


ಅಡ್ಡಗದ್ದೆ
14 ಏಪ್ರಿಲ್ 2006

ಅಣ್ಣನಿಗೆ,

ಸಿಟ್ಟಿನಿಂದ ಬರೆಯದೆ ಇದ್ದದ್ದು ಮೊದಲ ಎರಡು ವಾರ. ಆಮೇಲೆ ಪೆನ್ನು ಹಿಡಿದರೆ ಮೂರನೇ ಸಾಲಿಗೆ ಕೈ ಸೋಲುತ್ತಿತ್ತು. ಈ ಕಾಗದವನ್ನೂ ಮೂರು ದಿನದಿಂದ ಬರೆಯುತ್ತಿದ್ದೇನೆ.

ಒಳಗೆ ನಡೆದದ್ದು ಇದು. ಅಧಿಕಾರಿ ಮೇಡಂ ಮೊದಲು ನಿನ್ನ ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟರು. "ಒಬ್ಬನೇ ಅಣ್ಣ, ಎರಡು ಮಾತು. ಯಾವುದನ್ನು ನಂಬಲಿ?" ಅಂದರು. ನಾನು ಕಾರ್ಡು ಮುಂದಿಟ್ಟೆ. ಅವರಿಗೂ ಚುಕ್ಕೆಯ ವಿದ್ಯೆ ಗೊತ್ತಲ್ಲ, ಬಹಳ ಹೊತ್ತು ನೋಡಿದರು. ಅತ್ತಿಗೆಯ ಅಕ್ಷರವನ್ನೂ ಓದಿದರು. "ನಾನು ಡಾಕ್ಟರಲ್ಲ. ಗೆರೆ ಮಾತ್ರ ಕಾಣ್ತದೆ" ಅಂದರು.

ಆಮೇಲೆ ಭೈರಮ್ಮನನ್ನು ಕೇಳಿದರು. ನೀನು ಕೇಳಿದ ಜೋರು ದನಿ ಅವಳದು. "ನನ್ನ ಕೂಸಿನ ಕಾಲು ಒದ್ದೆ ಇತ್ತು. ಇನ್ನೊಂದು ಮಾರು ಹೋಗಿದ್ರೆ ಕೂಸೇ ಇಲ್ಲ. ಸಿಟ್ಟು ಇದೆ, ಸತ್ತರೂ ಹೋಗಲ್ಲ" ಅಂದಳು. ಮೇಡಂ "ಹಾಗಾದರೆ ಇವರನ್ನು ತೆಗೆಯಬೇಕಾ?" ಅಂದರು. ಭೈರಮ್ಮ ನನ್ನನ್ನು ನೋಡಲಿಲ್ಲ. "ತೆಗಿರಿ ಅಂತ ಯಾರು ಹೇಳಿದ್ರು? ಏಳು ವರ್ಷ ನಮ್ಮ ಮಕ್ಕಳನ್ನ ಈ ಯಮ್ಮ ತೂಗಿತು. ಯಮ್ಮನ್ನ ಯಾರಾದ್ರೂ ತೂಗಿದ್ರಾ? ಮೊದ್ಲು ರಿಪೇರಿ ಮಾಡಿ ಕಳ್ಸಿ. ಅಲ್ಲಿವರೆಗೂ ಕೂಸನ್ನ ಬಿಡಲ್ಲ" ಅಂದಳು.

ತೀರ್ಮಾನ: ಮೇ ಕೊನೆಯವರೆಗೆ ರಜೆ, ಕೇಂದ್ರ ಶಾಂತಕ್ಕನ ವಶ. ಅಷ್ಟರೊಳಗೆ ವೈದ್ಯರ ಪತ್ರ ತಂದರೆ ಕೆಲಸ, ತರದಿದ್ದರೆ ಇಲ್ಲ.

ಮಾರನೆಯ ದಿನ ಇವರೇ ಕೊಪ್ಪಕ್ಕೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಅದೇ ಅವರ ಮಾತು ಎಂದುಕೊಂಡೆ. ಡಾಕ್ಟರು ಆರು ರಿಪೋರ್ಟನ್ನೂ ಸಾಲಾಗಿ ಇಟ್ಟು ನೋಡಿ, "ಇದನ್ನು ಮೊದಲೇ ಒಟ್ಟಿಗೆ ತರಬಾರದಿತ್ತಾ?" ಅಂದರು. ಮಾತ್ರೆ ಸ್ವಲ್ಪ ಏರಿಸಿದ್ದಾರೆ. ರಕ್ತವೂ ಕಡಿಮೆ ಇದೆಯಂತೆ, ಅದಕ್ಕೆ ಬೇರೆ ಮಾತ್ರೆ. "ಎಲ್ಲ ಇದರಿಂದಲೇ ಅಂತ ಹೇಳಲಾರೆ. ಅಂಕಿ ಸರಿಹೋದರೂ ಕೆಲವರಿಗೆ ಆಯಾಸ ಪೂರ್ತಿ ಹೋಗುವುದಿಲ್ಲ. ಯಾಕೆ ಅಂತ ನಮಗೂ ಗೊತ್ತಿಲ್ಲ" ಅಂದರು. ನನಗೆ ಅದು ಬೇಜಾರಾಗಲಿಲ್ಲ ಅಣ್ಣ. ಗೊತ್ತಿಲ್ಲ ಎನ್ನುವುದಕ್ಕೂ ನಿನಗೇನೂ ಇಲ್ಲ ಎನ್ನುವುದಕ್ಕೂ ಎಷ್ಟು ದೂರ!

ಈಗ ಐದು ವಾರ. ಬೆರಳು ಮಡಿಸಲು ಬರುತ್ತದೆ. ಉಳಿದದ್ದು ಹಾಗೇ ಇದೆ. ಏಪ್ರಿಲ್ ಬಿಸಿಲಿಗೆ ಊರೆಲ್ಲ ಬೆವರುತ್ತಿದೆ, ನಾನು ಸ್ವೆಟರಿನಲ್ಲಿದ್ದೇನೆ. ಭಯ ಆಗುತ್ತದೆ. ಮೇ ಒಳಗೆ ಆಗದಿದ್ದರೆ?

ಮುಂದಿನ ಪರೀಕ್ಷೆ ಮೇ ಇಪ್ಪತ್ತಕ್ಕೆ. ನೀನು ಬಾ. ಅಂಕಿಯನ್ನು ಲ್ಯಾಬಿನವರು ಬರೆಯುತ್ತಾರೆ. ಹಿಂದೆ ಬರೆಯಲು ಅತ್ತಿಗೆ ಇಲ್ಲ.

ಪ್ರೇಮ


(ರಿಪೋರ್ಟಿನ ಹಿಂಬದಿಯಲ್ಲಿ, ರೇಣುಕಪ್ಪನ ಕೈಯಿಂದ)

20 ಮೇ 2006, ಕೊಪ್ಪ. ಅಂಕಿ 1.9.

ನಾರ್ಮಲ್ ಎಂದು ಮುಂದೆ ಬರೆದಿದ್ದಾರೆ. ನಾನು ನೋಡಿದ್ದು ಬರೆಯುತ್ತೇನೆ.

ಬಾಳಗಡಿಯಲ್ಲಿ ಬಸ್ಸಿಳಿದು ಲ್ಯಾಬಿನವರೆಗೆ ನಡೆದಳು. ನನಗಿಂತ ಹಿಂದೆಯೇ. ಆದರೆ ನಾನು ನಿಂತು ಕಾಯಬೇಕಾಗಲಿಲ್ಲ. ಸ್ವೆಟರು ಮೈಮೇಲಿಲ್ಲ, ಚೀಲದಲ್ಲಿದೆ. ರೆಪ್ಪೆಯ ಊತ ಇಳಿದಿದೆ. ಕೂದಲು ಇನ್ನೂ ಉದುರುತ್ತಿದೆ, ಭುಜದ ಮೇಲೆ ಕಂಡೆ. ನಿಶ್ಚಿತಾಳ ಹೆಸರು ಮರೆತಳು. "ನಿನ್ನ ಬಾಯಿ ಜಾಸ್ತಿ ಸೊಸೆ" ಅಂದಳು. ನಕ್ಕಳು. ಊಟವಾದ ಮೇಲೆ ಹೋಟೆಲಿನಲ್ಲೇ ಕಣ್ಣು ಎಳೆಯಿತು. ಹತ್ತು ನಿಮಿಷ ಎಬ್ಬಿಸಲಿಲ್ಲ. ಪೂರ್ತಿ ಸರಿಯಾಗಿಲ್ಲ. ಅರ್ಧಕ್ಕಿಂತ ಹೆಚ್ಚು.

ಡಾಕ್ಟರು ಕೆಲಸ ಮಾಡಬಹುದು ಎಂದು ಪತ್ರ ಬರೆದರು. ಶಾಂತಕ್ಕ ಇಲ್ಲದ ದಿನ ಒಬ್ಬಳೇ ಕೇಂದ್ರ ತೆರೆಯಬಾರದು ಎಂದು ಕೆಳಗೆ ಸೇರಿಸಿದರು. ಸೇರಿಸಿ ಎಂದು ಹೇಳಿದವಳು ಪ್ರೇಮಳೇ.

29 ಮೇ, ಅಡ್ಡಗದ್ದೆ. ಜಾಗ ಸ್ವಲ್ಪ ಉಳಿದಿದೆ, ಇಲ್ಲೇ ಬರೆಯುತ್ತೇನೆ.

ಪ್ರೇಮ ಕೇಂದ್ರಕ್ಕೆ ಮರಳಿದ ದಿನ. ಏಳು ಮೆಟ್ಟಿಲು. ನಾಲ್ಕನೆಯದರಲ್ಲಿ ಕೂರಲಿಲ್ಲ. ಆರನೆಯದರಲ್ಲಿ ನಿಂತು ಗೋಡೆ ಹಿಡಿದಳು. ನಾನು ಕೆಳಗಿದ್ದೆ. ಕೈ ಚಾಚಬೇಕೆನಿಸಿತು, ಚಾಚಲಿಲ್ಲ. ಏಳನೆಯದನ್ನು ಹತ್ತಿದಳು. ಒಳಗೆ ಹೋಗಿ ಮೊದಲು ಅಗುಳಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.

ಹತ್ತು ಗಂಟೆಗೆ ಹನ್ನೊಂದು ಮಕ್ಕಳು. ಹತ್ತೂವರೆಗೆ ಭೈರಮ್ಮ ಬಂದಳು. ಕೂಸು ಒಳಗೆ ಓಡಲು ಎಳೆಯುತ್ತಿತ್ತು. ಅವಳು ಬಿಡಲಿಲ್ಲ. ಬಾಗಿಲಲ್ಲಿ ನಿಂತು ಪ್ರೇಮಳ ಮುಖ ನೋಡಿದಳು. ಬಹಳ ಹೊತ್ತು. ಸುಲೋಚನ ನೋಡುತ್ತಿದ್ದ ಹಾಗೆ.

ಆಮೇಲೆ ಕೂಸಿನ ಕೈ ಬಿಟ್ಟಳು.